ಬೆನ್ನಿನ ಸೂಜಿಗೆ ಜೇನು ಹಾಕ್ಲಿಕ್ಕೆ ಆಗ್ತದಾ?

ಹೋದ ವರ್ಷ ಮಳೆಗಾಲಕ್ಕೆ ಮೊದಲು ಒಬ್ಬರು ಅಡಿಕೆ ಕೃಷಿಕರು ಹರ್ನಿಯಾ ಆಪರೇಷನ್ನಿಗೆ ಬಂದಿದ್ದರು. ಕೈಯಲ್ಲಿ ಪೇಪರ್ ಸುತ್ತಿದ ಬಾಟಲಿ. ಸೊಂಟದಿಂದ ಕೆಳಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡ್ತೇವೆ ಅಂತ ನಾನು ವಿವರಿಸಿ ಮುಗಿಸಿದ್ದೆ. ಅವರು ಬಾಟಲಿ ಮೇಜಿನ ಮೇಲಿಟ್ಟು ಕೇಳಿದರು: "ಡಾಕ್ಟ್ರೇ, ನಮ್ಮದೇ ತೋಟದ ತುಡುವೆ ಜೇನು. ಇದನ್ನು ಒಂದು ತೊಟ್ಟು ಆ ಸೂಜಿಯೊಟ್ಟಿಗೆ ಹಾಕ್ಲಿಕ್ಕೆ ಆಗ್ತದಾ?"

ತುಡುವೆ ಅಂದರೆ ನಾವು ಪೆಟ್ಟಿಗೆಯಲ್ಲಿ ಸಾಕುವ ಊರ ಜೇನುನೊಣ. ಅವರು ಕೇಳಿದ್ದು ತಮಾಷೆಯೋ ನಿಜವೋ ಗೊತ್ತಾಗಲಿಲ್ಲ. ಆಮೇಲೆ ನೋಡಿದರೆ ಪೂರ್ತಿ ನಿಜ. ಜೇನಿನ ಅಂಟಿಗೆ ನೋವು ಕಡಿಮೆ ಮಾಡುವ ಗುಣ ಇದೆ ಅಂತ ಅವರ ಮಗ ಫೋನಿನಲ್ಲಿ ಎಲ್ಲೋ ನೋಡಿದ್ದನಂತೆ.

ನಾನು ಅರಿವಳಿಕೆ ಡಾಕ್ಟರ್. ಪುತ್ತೂರು, ಸುಳ್ಯ ಕಡೆಯ ಮೂರು ನಾಲ್ಕು ಆಸ್ಪತ್ರೆಗಳಿಗೆ ಓಡಾಡಿಕೊಂಡು 20 ವರ್ಷದ ಮೇಲಾಯಿತು. ಹುಟ್ಟಿದ್ದು ಜೇನು ಸಾಕುವ ಮನೆಯಲ್ಲಿ. ಅಪ್ಪನ ಹತ್ತಿರ ಒಂದು ಕಾಲದಲ್ಲಿ 40 ಪೆಟ್ಟಿಗೆ ಇತ್ತು. 1990ರ ದಶಕದ ಶುರುವಿನಲ್ಲಿ ಜೇನುಮರಿಗಳನ್ನು ಕೊಲ್ಲುವ ಥೈ ಸ್ಯಾಕ್‌ಬ್ರೂಡ್ ರೋಗ ಬಂದಾಗ ಹೆಚ್ಚುಕಡಿಮೆ ಎಲ್ಲ ಖಾಲಿಯಾಯಿತು. ಈಗ ಆರು ಉಂಟು, ಮತ್ತೆ ಗೋಡೆಯಲ್ಲಿ ಚುಚ್ಚದ ಸಣ್ಣ ಜೇನಿನ, ಅಂದರೆ ಮುಜಂಟಿಯ, ಒಂದು ಗೂಡು. ಹಾಗಾಗಿ ಇಂಥ ಪ್ರಶ್ನೆ ಬಂದರೆ ಒಂದೇ ಮಾತಿನಲ್ಲಿ "ಇಲ್ಲ" ಅಂದು ಕಳಿಸಲು ಮನಸ್ಸು ಬರುವುದಿಲ್ಲ. ಜೇನಿನ ಮನೆಯಿಂದ ಬರುವ ಕೆಲವು ವಸ್ತುಗಳಿಗೆ ಆಪರೇಷನ್ನಿನ ಆಸುಪಾಸಿನಲ್ಲಿ ಕೆಲಸ ಇದೆ. ಸೂಜಿಯ ಒಳಗೆ ಮಾತ್ರ ಇಲ್ಲ. ಯಾವುದು ಎಲ್ಲಿ, ಯಾವಾಗ, ಹೇಗೆ ಅಂತ ಹೇಳುತ್ತೇನೆ.

ಮೊದಲು ಒಂದು ಗ್ಲಾಸ್ ನೀರು

ಆ ಕೃಷಿಕರಿಗೆ ನಾನು ತೋರಿಸಿದ್ದನ್ನು ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಗಾಜಿನ ಗ್ಲಾಸಿನಲ್ಲಿ ನೀರು ತುಂಬಿ. ಚಮಚದ ತುದಿಯಿಂದ ಒಂದು ತೊಟ್ಟು ಜೇನು ಬಿಡಿ. ಅದು ಕರಗುವ ಗಡಿಬಿಡಿ ಮಾಡುವುದಿಲ್ಲ. ಬಾಲ ಬಿಟ್ಟುಕೊಂಡು ನೇರ ತಳಕ್ಕೆ ಹೋಗಿ ಕೂರುತ್ತದೆ. ಗ್ಲಾಸನ್ನು ನಿಧಾನ ಓರೆ ಮಾಡಿದರೆ ಅದೂ ಆ ಕಡೆ ಜಾರುತ್ತದೆ.

ಬೆನ್ನಿನ ಇಂಜೆಕ್ಷನ್ನಿನ ಮದ್ದೂ ಹೀಗೆಯೇ. ನಾವು ಜಾಸ್ತಿ ಬಳಸುವುದು ಬುಪಿವಕೇನ್ 'ಹೆವಿ'. ಅದರ ಒಂದೊಂದು ಮಿ.ಲೀ.ನಲ್ಲಿ 80 ಮಿ.ಗ್ರಾಂ ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆ, ಇರುತ್ತದೆ. ಆ ಸಕ್ಕರೆ ನೋವಿಗಲ್ಲ, ಭಾರಕ್ಕೆ. ಬೆನ್ನುಹುರಿಯ ಸುತ್ತ ಇರುವ ನೀರಿಗಿಂತ ಮದ್ದು ಭಾರವಾದರೆ ಅದು ತಗ್ಗಿನ ಕಡೆಗೆ ಇಳಿಯುತ್ತದೆ. ಮೇಜನ್ನು ತುಸು ಓರೆ ಮಾಡಿ, ನಿಮ್ಮನ್ನು ಒಂದು ಮಗ್ಗುಲಿಗೆ ಮಲಗಿಸಿ, ಎಲ್ಲಿಯವರೆಗೆ ಮರಗಟ್ಟಬೇಕು ಅಂತ ನಾವು ತೀರ್ಮಾನಿಸುತ್ತೇವೆ. 1907ರಲ್ಲಿ ಲಂಡನ್ನಿನ ಸರ್ಜನ್ ಆರ್ಥರ್ ಬಾರ್ಕರ್ ಮದ್ದಿಗೆ ಗ್ಲೂಕೋಸ್ ಸೇರಿಸಿ, ಬೆನ್ನೆಲುಬಿನ ಡೊಂಕಿನ ಹಾಗೆ ಬಗ್ಗಿಸಿದ ಗಾಜಿನ ಕೊಳವೆಯಲ್ಲಿ ಅದು ಹರಿಯುವುದನ್ನು ತೋರಿಸಿದ್ದರು. ನನ್ನ ಗ್ಲಾಸಿನ ಆಟ ಅದರದ್ದೇ ಬಡ ರೂಪ.

"ಹಾಗಾದ್ರೆ ಸಕ್ಕರೆ ಬದಲು ಜೇನು ಹಾಕಿದ್ರೆ ಏನಾಯ್ತು?" ಅಂದರು ಅವರು. ಸರಿಯಾದ ಪ್ರಶ್ನೆಯೇ. ಜೇನಿನಲ್ಲಿ ಸಕ್ಕರೆ ಒಂದೇ ಇಲ್ಲ ಮಾರಾಯ್ರೇ. ಪರಾಗ ಇದೆ, ಕಿಣ್ವ ಇದೆ, ಹುಳಿ ಇದೆ, ಒಣಗಿ ಮಲಗಿರುವ ಬ್ಯಾಕ್ಟೀರಿಯಾ ಬೀಜಾಣು ಇರಬಹುದು. ಬಾಯಿಗೆ ಹೋದರೆ ಹೊಟ್ಟೆ ನೋಡಿಕೊಳ್ಳುತ್ತದೆ. ಬೆನ್ನುಹುರಿಯ ಹತ್ತಿರ ಹಾಗೆ ನೋಡಿಕೊಳ್ಳುವವರು ಯಾರೂ ಇಲ್ಲ. ಸೂಜಿ, ಡ್ರಿಪ್, ಕಣ್ಣು, ಈ ಮೂರರ ಹತ್ತಿರ ಮನೆಯ ಜೇನು ಬರಲೇಬಾರದು. ಕಣ್ಣಿಗೆ ಜೇನು ಬಿಡುವ ರೂಢಿ ಇನ್ನೂ ಇರುವುದರಿಂದ ಅದನ್ನೂ ಸೇರಿಸಿ ಹೇಳುತ್ತಿದ್ದೇನೆ.

ನಿಜವಾಗಿ ಮರಗಟ್ಟಿಸುವುದು ಅಂಟು

ಮಗ ಫೋನಿನಲ್ಲಿ ನೋಡಿದ್ದು ಸುಳ್ಳಲ್ಲ. ಅದು ಜೇನಲ್ಲ, ಪ್ರೊಪೋಲಿಸ್. ಜೇನುನೊಣ ಮರದ ಮೊಗ್ಗು, ತೊಗಟೆಗಳಿಂದ ರಾಳ ತಂದು, ಮೇಣ ಬೆರೆಸಿ, ಗೂಡಿನ ಸಂದು ಮುಚ್ಚುವ ಕಂದು ಬಣ್ಣದ ಅಂಟು. 20ನೇ ಶತಮಾನದ ನಡುವಿನಲ್ಲಿ ಸೋವಿಯತ್ ದೇಶದವರು ಇದನ್ನು ಮೊಲದ ಕಣ್ಣಿನ ಮೇಲೆ ಪರೀಕ್ಷೆ ಮಾಡಿದ್ದರು, ಹಲ್ಲಿನ ಚಿಕಿತ್ಸೆಯಲ್ಲೂ ಬಳಸಿದ್ದರು. ಮರಗಟ್ಟಿಸುವ ಗುಣ ಇದಕ್ಕೆ ಸ್ವಲ್ಪ ಇದೆ. ಇದರಲ್ಲಿರುವ ಪಿನೋಸೆಂಬ್ರಿನ್ ಮತ್ತು ಕೆಫೀಕ್ ಆಮ್ಲದ ಎಸ್ಟರ್‌ಗಳು ಆ ಗುಣಕ್ಕೆ ಕಾರಣ ಅನ್ನುತ್ತಾರೆ.

ಆದರೆ ಇಲ್ಲಿ ನಮ್ಮ ಊರಿನವರಿಗೆ ಒಂದು ತೊಡಕು. ನಮ್ಮ ತುಡುವೆ ಪ್ರೊಪೋಲಿಸ್ ಮಾಡುವುದೇ ಇಲ್ಲ. ಅಪ್ಪನ ಪೆಟ್ಟಿಗೆಯಲ್ಲಿ 50 ವರ್ಷ ಕೆರೆದರೂ ಸಿಗುವುದು ಮೇಣ ಮಾತ್ರ. ಪ್ರೊಪೋಲಿಸ್ ಬೇಕಾದರೆ ಯುರೋಪಿನ ತಳಿ ಮೆಲ್ಲಿಫೆರಾ ಬೇಕು, ಇಲ್ಲದಿದ್ದರೆ ಮುಜಂಟಿ. ಮುಜಂಟಿಯನ್ನು ಉತ್ತರ ಕನ್ನಡದವರು ಮಿಸ್ರಿ ಅನ್ನುತ್ತಾರೆ. ಅದರ ಗೂಡು ಪೂರ್ತಿ ರಾಳ ಮತ್ತು ಮೇಣದ್ದೇ. ಯಾರಾದರೂ "ತುಡುವೆ ಪ್ರೊಪೋಲಿಸ್" ಅಂತ ಬಾಟಲಿ ಮಾರಿದರೆ ದುಡ್ಡು ಕೊಡಬೇಡಿ.

ನಮ್ಮ ಗೋಡೆಯ ಮುಜಂಟಿ ಗೂಡಿನ ಬಾಗಿಲಲ್ಲಿ ಒಂದು ಸಣ್ಣ ಕೊಳವೆ ಇದೆ, ಕಪ್ಪು, ಮುಟ್ಟಿದರೆ ಮೆತ್ತಗೆ. ಅದರಿಂದ ಅಕ್ಕಿಕಾಳಿನಷ್ಟು ಚಿವುಟಿ ನಾಲಿಗೆ ತುದಿಯಲ್ಲಿಟ್ಟರೆ ಮೊದಲು ಕಹಿ, ಆಮೇಲೆ ಒಗರು. ಎರಡು ಮೂರು ನಿಮಿಷಕ್ಕೆ ನಾಲಿಗೆ ತುದಿ ದಪ್ಪ ಆದ ಹಾಗೆ ಅನಿಸುತ್ತದೆ. ಲವಂಗ ಕಚ್ಚಿದರೆ ಆಗುತ್ತದಲ್ವಾ, ಅದರ ತಮ್ಮನ ಹಾಗೆ. ಅಷ್ಟೇ ಅದರ ಶಕ್ತಿ. ತೆಳ್ಳಗಿನ, ಒದ್ದೆ ಚರ್ಮದ ಮೇಲೆ ಮಾತ್ರ, ಸ್ವಲ್ಪ ಹೊತ್ತು ಮಾತ್ರ. ಕೈಯ ಚರ್ಮದ ಮೇಲೆ ಎಷ್ಟು ತಿಕ್ಕಿದರೂ ಸೂಜಿ ಚುಚ್ಚಿದರೆ ನೋಯುತ್ತದೆ. ಆಳದ ನರದವರೆಗೆ ಹೋಗಿ ಅದನ್ನು ಸುಮ್ಮನಾಗಿಸುವುದು ಲಿಗ್ನೋಕೇನ್‌ನಂಥ ಮದ್ದಿನ ಕೆಲಸ.

ಹಾಗಾದರೆ ಎಲ್ಲಿ ಉಪಯೋಗ? ಬಾಯಿ ಹುಣ್ಣಿಗೆ. ಹಲ್ಲು ಕೀಳಿಸಿದ ಎರಡು ದಿನದ ನಂತರ ವಸಡು ನೋಯುತ್ತಿದ್ದರೆ, ಹಲ್ಲಿನ ಡಾಕ್ಟರನ್ನು ಕೇಳಿಕೊಂಡು. ಅಂಗಡಿಯ ಪ್ರೊಪೋಲಿಸ್ ಟಿಂಚರ್ 10 ಹನಿಯನ್ನು ಅರ್ಧ ಗ್ಲಾಸ್ ಉಗುರುಬೆಚ್ಚಗಿನ ನೀರಿಗೆ ಹಾಕಿ. ಒಂದು ನಿಮಿಷ ಬಾಯಲ್ಲಿ ಆಡಿಸಿ, ಉಗುಳಿ. ದಿನಕ್ಕೆ ಎರಡು ಸಲ ಸಾಕು. ಹಲ್ಲು ಕಿತ್ತ ಮೊದಲ 24 ಗಂಟೆ ಏನೂ ಮುಕ್ಕಳಿಸಬಾರದು. ಅಲ್ಲಿ ಕಟ್ಟಿದ ರಕ್ತದ ಗಟ್ಟಿ ಕಿತ್ತುಬಂದರೆ ಆಮೇಲಿನ ನೋವಿಗೆ ಯಾವ ಅಂಟೂ ಸಾಕಾಗುವುದಿಲ್ಲ. ಟಿಂಚರನ್ನು ನೀರು ಬೆರೆಸದೆ ಗಾಯಕ್ಕೆ ಬಿಡಬೇಡಿ. ಅದರಲ್ಲಿರುವುದು ಆಲ್ಕೋಹಾಲ್, ಬೆಂಕಿ ಹತ್ತಿದ ಹಾಗೆ ಉರಿಯುತ್ತದೆ.

ಮನೆಯಲ್ಲೇ ಟಿಂಚರ್ ಮಾಡುವವರಿಗೆ ಒಂದೇ ಮಾತು. ಆಸ್ಪತ್ರೆಯ ಸ್ಪಿರಿಟ್ ಬಳಸಬೇಡಿ. ಅದು ಕುಡಿಯಬಾರದ ಹಾಗೆ ವಿಷ ಬೆರೆಸಿದ್ದು, ಬಾಯಿಗೆ ಹಾಕುವಂಥದ್ದಲ್ಲ. ನನ್ನ ಪರಿಚಯದವರೊಬ್ಬರು ಗೇರು ತೋಟದಲ್ಲಿ ಒಳ್ಳೆಯ ಮುಜಂಟಿ ಅಂಟು ತೆಗೆದು, ಹೀಗೆ ಸ್ಪಿರಿಟಿನಲ್ಲಿ ನೆನೆಹಾಕಿ ಊರಿಗೆಲ್ಲ ಹಂಚುವುದರಲ್ಲಿದ್ದರು. ಪುಣ್ಯಕ್ಕೆ ಮೊದಲು ನನಗೆ ತೋರಿಸಿದರು.

ಅಲರ್ಜಿ ನೋಡದೆ ಬಳಸಲೂಬಾರದು. ಮೊಣಕೈ ಒಳಭಾಗದಲ್ಲಿ ಒಂದು ಹನಿ ಹಚ್ಚಿ ಎರಡು ದಿನ ಬಿಡಿ. ಕೆಂಪಾಗಿ ತುರಿಸಿದರೆ ಅಲ್ಲಿಗೇ ಮುಗಿಸಿ. ಅಸ್ತಮಾ ಇದ್ದವರು ಈ ಪ್ರಯೋಗವೇ ಮಾಡುವುದು ಬೇಡ. ಮುಜಂಟಿ ಯಾವ ಮರದ ಸೊನೆ ತಂದಿದೆ ಅಂತ ನಮಗೆ ಹೇಳಿಹೋಗುವುದಿಲ್ಲ. ಮಾವಿನ ಸೊನೆಗೆ ಮುಖ ಊದುವವರು ನಮ್ಮಲ್ಲಿ ಎಷ್ಟು ಜನ ಇಲ್ಲ!

ಇನ್ನೊಂದು. ಎಲೆ ಅಡಿಕೆ ಹಾಕುವವರ ಬಾಯಿ ಹುಣ್ಣು ಎರಡು ಮೂರು ವಾರದಲ್ಲಿ ವಾಸಿಯಾಗದಿದ್ದರೆ ಅದನ್ನು ಅಂಟು ಹಚ್ಚಿ ಸುಮ್ಮನಾಗಿಸಬೇಡಿ, ತೋರಿಸಿ. ಬಾಯಿ ಪೂರ್ತಿ ತೆರೆಯಲು ಆಗದೆ ಎರಡು ಬೆರಳಷ್ಟೇ ಸಂದು ಬಿಡುವವರನ್ನು ನಾನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ಅಂಥವರಿಗೆ ಗಂಟಲಿಗೆ ನಳಿಗೆ ಹಾಕಿ ಪೂರ್ತಿ ಪ್ರಜ್ಞೆ ತಪ್ಪಿಸುವುದು ಕಷ್ಟ. ಆಗುವುದಿದ್ದರೆ ಬೆನ್ನಿನ ಸೂಜಿಯಲ್ಲೋ, ಕೈಯ ನರಗಳನ್ನಷ್ಟೇ ಮರಗಟ್ಟಿಸುವ ಬ್ಲಾಕಿನಲ್ಲೋ ಮುಗಿಸಲು ನೋಡುತ್ತೇವೆ.

ಆಪರೇಷನ್ನಿಗೆ ಎರಡು ವಾರ ಮೊದಲು

ನನ್ನ ಮುಂದೆ ಕೂತಾಗ "ಏನು ಮಾತ್ರೆ ತಗೊಳ್ತೀರಿ?" ಅಂತ ಕೇಳಿದರೆ ಎಲ್ಲರೂ ಬಿಪಿ, ಶುಗರ್ ಹೇಳುತ್ತಾರೆ. ಜೇನಿನದ್ದು ಯಾರೂ ಹೇಳುವುದಿಲ್ಲ, ಅದು ಮದ್ದಲ್ಲ ಅಂತ. ದಯವಿಟ್ಟು ಹೇಳಿ. ಪ್ರೊಪೋಲಿಸ್ ಕ್ಯಾಪ್ಸೂಲ್, ರಾಣಿಹುಳಕ್ಕೆ ನೊಣಗಳು ಉಣಿಸುವ ರಾಯಲ್ ಜೆಲ್ಲಿ, ಪರಾಗದ ಪುಡಿ ಏನೇ ಇರಲಿ, ನಾನು ಎರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತೇನೆ. ರಕ್ತ ತೆಳು ಮಾಡುವ ವಾರ್ಫರಿನ್ ಜೊತೆಗೆ ರಾಯಲ್ ಜೆಲ್ಲಿ ತಿಂದವರಿಗೆ ರಕ್ತಸ್ರಾವ ಆದ ವರದಿ ಇದೆ. ಬೆನ್ನಿನ ಒಳಗೆ ಸೂಜಿ ಹೋಗುವಾಗ ಒಂದು ಸಣ್ಣ ರಕ್ತನಾಳ ಜಿನುಗಿದರೂ ಅದು ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಆ ರಕ್ತ ನರವನ್ನು ಒತ್ತುತ್ತದೆ. ಹಾಗಂತ ಡಾಕ್ಟರು ಕೊಟ್ಟ ರಕ್ತ ತೆಳು ಮಾಡುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅದನ್ನು ಯಾವತ್ತು ಬಿಡಬೇಕು ಅಂತ ನಾವು ಹೇಳುತ್ತೇವೆ.

ನೇಪಾಳದ್ದೋ ಟರ್ಕಿಯದ್ದೋ 'ಹುಚ್ಚು ಜೇನು' ತರಿಸಿಟ್ಟಿದ್ದರೆ ಅದನ್ನಂತೂ ಮುಟ್ಟಲೇಬೇಡಿ. ರೋಡೊಡೆಂಡ್ರಾನ್ ಹೂವಿನ ವಿಷ ಅದರಲ್ಲಿರುತ್ತದೆ. ಬಿಪಿ ಇಳಿಸುತ್ತದೆ, ನಾಡಿ ನಿಧಾನ ಮಾಡುತ್ತದೆ. ಬೆನ್ನಿನ ಇಂಜೆಕ್ಷನ್ನೂ ಬಿಪಿ ಇಳಿಸುತ್ತದೆ. ಎರಡೂ ಒಟ್ಟಾದರೆ ನನ್ನ ಬೆವರು ಇಳಿಯುತ್ತದೆ.

ಜೇನು ಕಚ್ಚಿ ಮೈಯೆಲ್ಲ ದದ್ದು ಎದ್ದದ್ದು, ಉಸಿರು ಕಟ್ಟಿದ್ದು, ತಲೆಸುತ್ತಿ ಬಿದ್ದದ್ದು ಇದ್ದರೆ ಅದನ್ನೂ ಹೇಳಿ. ಅದರಿಂದ ಮರಗಟ್ಟಿಸುವ ಮದ್ದಿಗೂ ಅಲರ್ಜಿ ಅಂತ ಆಗುವುದಿಲ್ಲ. ಜೇನಿನ ವಿಷವೇ ಬೇರೆ, ಲಿಗ್ನೋಕೇನ್ ಬೇರೆ. ಆದರೂ ನನಗೆ ಗೊತ್ತಿದ್ದರೆ ಒಳ್ಳೆಯದು. ಹಲ್ಲಿನ ಡಾಕ್ಟರ ಹತ್ತಿರ ಇಂಜೆಕ್ಷನ್ ಕೊಟ್ಟ ಕೂಡಲೇ ಎದೆ ಡವಡವ ಅಂದಿತು, ಹಾಗಾಗಿ ತನಗೆ ಅಲರ್ಜಿ ಅನ್ನುವವರೂ ಇದ್ದಾರೆ. ಹೆಚ್ಚಿನ ಸಲ ಅದು ಮದ್ದಿನ ಜೊತೆ ಸೇರಿಸುವ ಅಡ್ರಿನಾಲಿನ್ ಆಟ. ಆದರೆ ಅದನ್ನು ನೀವು ಊಹಿಸಿಕೊಂಡು ಬಿಡಬೇಡಿ, ನನಗೆ ಹೇಳಿ, ನಾನು ವಿಚಾರಿಸುತ್ತೇನೆ.

ಮಂಡಿನೋವಿಗೆ ಬೇಕೆಂದೇ ಜೇನು ಕಚ್ಚಿಸಿಕೊಳ್ಳುವ ಚಿಕಿತ್ಸೆ ಬಗ್ಗೆ ನನ್ನ ಅಭಿಪ್ರಾಯ ಕೇಳುವವರಿಗೆ: ಬೇಡ. ಒಣಗಿಸಿದ ವಿಷದಲ್ಲಿ ಅರ್ಧದಷ್ಟು ಮೆಲಿಟಿನ್ ಅನ್ನುವ ವಸ್ತು, ಅದು ಮೊದಲು ಮಾಡುವುದೇ ನೋವು. ಹತ್ತಾರು ಸಲ ಏನೂ ಆಗದವರಿಗೂ ಮುಂದಿನ ಸಲ ಆಗಬಹುದು. ಸ್ಪೇನಿನಲ್ಲಿ ಇದೇ ಚಿಕಿತ್ಸೆ ಪಡೆಯುತ್ತಿದ್ದ ಒಬ್ಬ ಹೆಂಗಸು ತೀರಿಹೋದ ವರದಿ 2018ರಲ್ಲಿ ಬಂತು. ಎರಡು ವರ್ಷದಿಂದ ಕಚ್ಚಿಸಿಕೊಳ್ಳುತ್ತಿದ್ದವರು ಅವರು.

ಆ ದಿನ ಬೆಳಿಗ್ಗೆ

ಗಟ್ಟಿ ಆಹಾರ ಆರು ಗಂಟೆ ಮೊದಲು ನಿಲ್ಲಬೇಕು, ಎಣ್ಣೆಯಲ್ಲಿ ಕರಿದದ್ದು ಎಂಟು ಗಂಟೆ. ಹಾಲೂ ಆಹಾರವೇ, ಹಾಲು ಹಾಕಿದ ಚಾ ಕೂಡ. ತಿಳಿ ನೀರಿನಂಥದ್ದನ್ನು ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದು. ಇಲ್ಲಿ ಜೇನಿಗೆ ಒಂದು ಜಾಗ ಇದೆ. ಒಂದು ಗ್ಲಾಸ್ ನೀರಿಗೆ ಎರಡು ಚಮಚ ಜೇನು ಪೂರ್ತಿ ಕರಗಿಸಿ. ಮನೆಯ ಜೇನಾದರೆ ಮೇಣದ ಚೂರು ಉಳಿಯದ ಹಾಗೆ ಬಟ್ಟೆಯಲ್ಲಿ ಸೋಸಿ. ಲಿಂಬೆ ತಿರುಳು ಬೇಡ, ಹಾಲು ಬೇಡ. ಹಸಿವಿನ ತಲೆನೋವು, ನಡುಕ ಎಷ್ಟೋ ಕಡಿಮೆ. ಡಯಾಬಿಟಿಸ್ ಇದ್ದವರಿಗೆ ಇದಿಲ್ಲ. ಜೇನೂ ಸಕ್ಕರೆಯೇ, ಅದಕ್ಕೆ ರಿಯಾಯಿತಿ ಇಲ್ಲ. ಕುಡಿಯುವ ಮೊದಲು ನಿಮ್ಮ ಅರಿವಳಿಕೆ ಡಾಕ್ಟರನ್ನು ಕೇಳಿ. ರಾತ್ರಿ 12ರ ನಂತರ ಏನೂ ಬೇಡ ಅಂತ ನರ್ಸ್ ಹೇಳಿದ್ದರೆ, ನನ್ನ ಮಾತು ಕೇಳಿ ಜಗಳಕ್ಕೆ ಹೋಗಬೇಡಿ.

ಬೆನ್ನಿಗೆ, ಕುತ್ತಿಗೆಗೆ, ಕೈಗೆ ಏನೂ ಹಚ್ಚಿಕೊಂಡು ಬರಬೇಡಿ. ಜೇನುಮೇಣದ ಮುಲಾಮು, ಕೊಬ್ಬರಿ ಎಣ್ಣೆ, ಅರಶಿನ ಯಾವುದೂ ಬೇಡ. ಒಬ್ಬ ಅಜ್ಜಿ ಸೊಂಟಕ್ಕೆ ಮೂರು ದಿನ ಮುಲಾಮು ತಿಕ್ಕಿಸಿಕೊಂಡು ಬಂದಿದ್ದರು. ಸ್ಪಿರಿಟ್ ಹತ್ತಿ ಒಂದಾದ ಮೇಲೆ ಒಂದು ಹಳದಿಯಾಗುತ್ತ ಹೋಯಿತು. ಇಸಿಜಿ ಸ್ಟಿಕರ್ ಅಂಟಲಿಲ್ಲ. ಪ್ಲಾಸ್ಟರ್ ಜಾರಿತು. ತುಟಿಗೂ ಆ ದಿನ ಮುಲಾಮು ಬೇಡ, ಮುಖದ ಹತ್ತಿರ ಆಕ್ಸಿಜನ್ ಇರುತ್ತದೆ. ಜಿಡ್ಡು, ಆಕ್ಸಿಜನ್, ಸರ್ಜನ್ ಸುಟ್ಟು ಕತ್ತರಿಸುವ ಕರೆಂಟಿನ ಕತ್ತರಿ, ಮೂರೂ ಒಟ್ಟಿಗೆ ಇರಬಾರದು, ಬೆಂಕಿ ಹತ್ತಬಹುದು.

ಒಳಗೆ ಹೋದ ಮೇಲೆ ಜೇನುಮೇಣ ನಿಮಗೆ ಸಿಕ್ಕರೂ ಸಿಗಬಹುದು, ನಿಮಗೆ ಗೊತ್ತಾಗದ ಹಾಗೆ. ಮೂಳೆಯಿಂದ ರಕ್ತ ಜಿನುಗಿದರೆ ಅದನ್ನು ಹೊಲಿಯಲು ಆಗುವುದಿಲ್ಲ. ಆಗ ಸರ್ಜನ್ ಸಣ್ಣ ಪೊಟ್ಟಣದಿಂದ ಬಿಳಿ ತುಂಡೊಂದನ್ನು ತೆಗೆದು, ಗ್ಲೌಸ್ ಹಾಕಿದ ಬೆರಳಲ್ಲಿ ನಾದಿ ಮೂಳೆಯ ತೂತಿಗೆ ಒತ್ತುತ್ತಾರೆ. ಬೋನ್ ವ್ಯಾಕ್ಸ್. ಅದರ ಮುಖ್ಯ ವಸ್ತು ಜೇನುಮೇಣವೇ. ಲಂಡನ್ನಿನ ವಿಕ್ಟರ್ ಹಾರ್ಸ್ಲಿ 1892ರಲ್ಲಿ ಬರೆದು ತಿಳಿಸಿದ್ದು. ಮೊದಲ ಸಲ ಅದರ ಪೊಟ್ಟಣ ಒಡೆದಾಗ ನನಗೆ ಅಪ್ಪನ ಮೇಣ ಕಾಯಿಸುವ ಪಾತ್ರೆ ನೆನಪಾಯಿತು.

ಮರಗಟ್ಟಿದ ಕೈಕಾಲಿನ ಜೊತೆ ಮನೆಗೆ

ಕೈಗೆ ಬ್ಲಾಕ್ ಕೊಟ್ಟರೆ ಮದ್ದಿಗೆ ತಕ್ಕ ಹಾಗೆ 12 ಗಂಟೆಯೋ ಅದಕ್ಕಿಂತ ಜಾಸ್ತಿಯೋ ಕೈ ನಿಮ್ಮದಲ್ಲದ ಹಾಗೆ ಇರುತ್ತದೆ. ಜೋಳಿಗೆಯಲ್ಲಿ ಹಾಕಿಕೊಂಡಿರಿ. ಅದಕ್ಕೆ ಶಾಖ ಕೊಡಬೇಡಿ. ಬಿಸಿನೀರಿನ ಚೀಲ ಬೇಡ, ಕರಗಿಸಿದ ಮೇಣದ ಪಟ್ಟಿ ಬೇಡ. ಬಿಸಿ ತಾಗಿದ್ದು ನಿಮಗೆ ಗೊತ್ತೇ ಆಗುವುದಿಲ್ಲ, ಬೆಳಿಗ್ಗೆ ಬೊಬ್ಬೆ ಎದ್ದಾಗಲೇ ಗೊತ್ತಾಗುವುದು. ಹಾಗೆ ಬಂದವರಿಗೆ ಆಪರೇಷನ್ ಗಾಯಕ್ಕಿಂತ ಸುಟ್ಟ ಗಾಯ ವಾಸಿಯಾಗಲು ಜಾಸ್ತಿ ದಿನ ಹಿಡಿಯಿತು. ಕೆಳದವಡೆ ಮರಗಟ್ಟಿಸಿ ಹಲ್ಲು ಕೀಳಿಸಿದ ಮಕ್ಕಳು ತುಟಿ ಕಚ್ಚಿಕೊಳ್ಳದ ಹಾಗೆ ಮೂರು ನಾಲ್ಕು ಗಂಟೆ ಕಣ್ಣಿಟ್ಟಿರಿ. ಅಷ್ಟು ಹೊತ್ತು ಜಗಿಯುವ ಏನನ್ನೂ ಕೊಡಬೇಡಿ.

ಹೊಲಿಗೆಯ ಗಾಯಕ್ಕೆ ಜೇನು ಹಚ್ಚಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಜೇನು ಗಾಯ ಮಾಯಿಸುತ್ತದೆ, ನಿಜ. ಆಸ್ಪತ್ರೆಯಲ್ಲಿ ಬಳಸುವ ಜೇನು ಗಾಮಾ ಕಿರಣ ಹಾಯಿಸಿ ಬೀಜಾಣು ಕೊಂದದ್ದು. ಅಡುಗೆಮನೆಯ ಬಾಟಲಿ ಹಾಗಲ್ಲ, ಅದರಲ್ಲೂ ನಮ್ಮ ತುಡುವೆ ಜೇನಿನಲ್ಲಿ ನೀರಿನ ಅಂಶ ಜಾಸ್ತಿ. ಅದು ಹೊಲಿಗೆಗೆ ಬೇಡ. ಅದು ಗಂಟಲಿಗಿರಲಿ. ಬ್ಲಾಕ್ ಸಾಲದೆ ನಳಿಗೆ ಹಾಕಬೇಕಾಗಿ ಬಂದಿದ್ದರೆ ಒಂದೆರಡು ದಿನ ಗಂಟಲು ಕೆರೆಯುತ್ತದೆ, ಆಗ ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಚಮಚ. ಟಾನ್ಸಿಲ್ ತೆಗೆಸಿದ ಮಕ್ಕಳಲ್ಲಿ ಜೇನು ನೋವು ಕಡಿಮೆ ಮಾಡಿದ್ದು ಹಲವು ಪರೀಕ್ಷೆಗಳಲ್ಲಿ ಕಂಡಿದೆ.

ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಒಂದು ತೊಟ್ಟೂ ಬೇಡ. ಹುಟ್ಟಿದ ಕೂಡಲೇ ಜೇನು ತುಪ್ಪ ನೆಕ್ಕಿಸುವ ಸಂಪ್ರದಾಯ ನಮ್ಮ ಮನೆಯಲ್ಲೂ ಇತ್ತು. ನನ್ನ ಮಗಳು ಹುಟ್ಟಿದಾಗ ಅಜ್ಜಿಯೊಡನೆ ಜಗಳ ಆಡಿ ತಪ್ಪಿಸಿದೆ. ಬೊಟುಲಿಸಂ ಬೀಜಾಣು ಮಗುವಿನ ಕರುಳಲ್ಲಿ ಮೊಳೆತು ಮೈ ಜೋಲು ಮಾಡುತ್ತದೆ. ನವಜಾತ ಮಗುವಿಗೆ ಸೂಜಿ ಚುಚ್ಚುವಾಗ ಆಸ್ಪತ್ರೆಯಲ್ಲಿ ಎರಡು ಹನಿ ಸಕ್ಕರೆ ನೀರು ಬಾಯಿಗೆ ಬಿಡುತ್ತಾರೆ, ನೋವು ನಿಜವಾಗಿ ತಗ್ಗುತ್ತದೆ. ಆ ಸಿಹಿ ಜೇನಾಗಿರಬಾರದು, ಅಷ್ಟೇ.

ಹೊಲಿಗೆ ಬಿಚ್ಚಿ, ಗಾಯ ಪೂರ್ತಿ ಮುಚ್ಚಿ ಒಣಗಿದ ಮೇಲೆ ಕಲೆ ಬಿಗಿದು ಎಳೆಯುತ್ತಿದ್ದರೆ ಮೇಣದ ಮುಲಾಮು ಚೆನ್ನಾಗಿರುತ್ತದೆ. ಅಪ್ಪ ಜೇನುಗೂಡಿನ ಹಳೆ ಎರಿಗಳನ್ನು ನೀರಿನಲ್ಲಿ ಕಾಯಿಸಿ, ಹಳೆ ಪಂಚೆಯಲ್ಲಿ ಹಿಂಡಿ ಸೋಸಿ, ಆರಲು ಬಿಡುತ್ತಾರೆ. ಮರುದಿನ ಮೇಲೆ ಹಳದಿ ಬಿಲ್ಲೆ ತೇಲುತ್ತಿರುತ್ತದೆ. ತಳದ ಕಸ ಕೆರೆದು ಇನ್ನೊಂದು ಸಲ ಹಾಗೆಯೇ ಮಾಡಿದರೆ ಶುದ್ಧ. 10 ಗ್ರಾಂ ಮೇಣಕ್ಕೆ 50 ಗ್ರಾಂ ಕೊಬ್ಬರಿ ಎಣ್ಣೆ. ಸ್ಟೀಲ್ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿ. ನೇರ ಉರಿಯ ಮೇಲೆ ಯಾವತ್ತೂ ಇಡಬೇಡಿ, ಮೇಣಕ್ಕೆ ಬೆಂಕಿ ಹತ್ತುತ್ತದೆ. 63 ಡಿಗ್ರಿ ಹತ್ತಿರ ಮೇಣ ಕರಗುತ್ತದೆ, ಅಷ್ಟು ಸಾಕು. ಇಳಿಸಿ, ಅಂಚು ಮಂಜಾಗುವವರೆಗೆ ಕಲಕಿ, ಡಬ್ಬಿಗೆ ಸುರಿಯಿರಿ. ಏಪ್ರಿಲ್ ಮೇ ತಿಂಗಳಲ್ಲಿ ಎಣ್ಣೆ 40 ಗ್ರಾಂ ಸಾಕು, ಇಲ್ಲದಿದ್ದರೆ ಡಬ್ಬಿಯಲ್ಲಿ ನೀರಾಗುತ್ತದೆ. ಬೆರಳ ತುದಿಯಷ್ಟು ತೆಗೆದು ಕಲೆಯ ಮೇಲೆ ದಿನಕ್ಕೆ ಎರಡು ಸಲ, ಐದು ನಿಮಿಷ, ಸಣ್ಣಗೆ ಒತ್ತಿ ತಿಕ್ಕಿ. ಉಳಿದದ್ದು ಹಿಮ್ಮಡಿಗೆ.

ಆ ಕೃಷಿಕರಿಗೆ ಸೂಜಿ ಕೊಟ್ಟು ಐದು ನಿಮಿಷಕ್ಕೆ ಕಾಲಿನ ಮೇಲೆ ಸ್ಪಿರಿಟ್ ಹತ್ತಿ ಇಟ್ಟು ಕೇಳಿದೆ, "ತಂಪು ಗೊತ್ತಾಗ್ತದಾ?" "ಇಲ್ಲ." ಹೊಕ್ಕುಳ ಹತ್ತಿರ ಇಟ್ಟೆ. "ಇಲ್ಲ." ಎದೆಯ ಮೇಲೆ ಇಟ್ಟಾಗ "ಹಾಂ, ತಂಪು" ಅಂದರು. ಸರ್ಜನ್‌ಗೆ ಕೈ ತೋರಿಸಿದೆ. ಅವರು ಶುರು ಮಾಡಿದರು. ಅರ್ಧ ಗಂಟೆ ಕಳೆದ ಮೇಲೆ ಪರದೆಯ ಈಚೆಯಿಂದ ಸಣ್ಣ ಸ್ವರ ಕೇಳಿತು: "ಡಾಕ್ಟ್ರೇ, ಆ ಬಾಟ್ಲಿ ನಿಮ್ಮ ಮೇಜಿನ ಮೇಲೇ ಉಂಟಲ್ಲ?"